ಪಾಸಿಂಗಾದ ಗಾಡಿಯೂ ಅದರ ಪೂರ್ವಚರಿತ್ರೆಯೂ



ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಈ ಐದು ಊರುಗಳ ಪೈಕಿ ಯಾವುದರಲ್ಲೇ ಆಗಲಿ ಹಳೆಯ ಕಾರೊಂದರ ಬೆಲೆಯನ್ನು ವಿಚಾರಿಸಿದಿರೆಂದರೆ, ಮಾರತಕ್ಕವರ ಬಾಯಿಂದ ಮೊಟ್ಟಮೊದಲು ಹೊರಡುವ ಮಾತು "ಮೊನ್ನಿ ಪಾಸಿಂಗ್ ಆಗ್ಯಾದ್ರಿ, ಇನ್ನ ಐದು ವರ್ಷ ಚಿಂತಿ ಇಲ್ಲ" ಎಂಬುದೇ. ಈ ಮಾತಿನೊಡನೆ ನನಗೆ ಬಹುಕಾಲದ ವಿವಾದವುಂಟು. ಇಂದಿನ ಹೊತ್ತಿನ ಬಹುಭಾಗವನ್ನು ಆ ವಿವಾದಕ್ಕೇ ಮೀಸಲಿಡುತ್ತೇನೆ.

ಪಾಸಿಂಗ್, ಎಂದರೆ ತಪಾಸಣೆ ಮುಗಿದು ನೋಂದಣಿಯ ನವೀಕರಣ, ಆದದ್ದು ನಿಜವೇ ಇರಬಹುದು. ಆದರೆ 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಸ್ವಂತ ಉಪಯೋಗದ ಬಿಳಿ ಬೋರ್ಡಿನ ಕಾರಿನ ಮೊದಲ ನೋಂದಣಿ 15 ವರ್ಷಗಳವರೆಗೆ ಊರ್ಜಿತವಾಗಿರುತ್ತದೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣವಾಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ, ಆ ಗಾಡಿಯ ಯಂತ್ರಭಾಗಗಳನ್ನು ಸರಕಾರದ ಕಣ್ಣು ಕಡ್ಡಾಯವಾಗಿ ನೋಡತಕ್ಕ ದಿನ, ಹುಟ್ಟಿದ ಮೇಲೆ ಮೊದಲ ಸಲ, ಹದಿನೈದು ತುಂಬಿದಾಗಲೇ ಎಂಬ ಸಂಗತಿ ತಾನಾಗಿ ತಿಳಿಯುತ್ತದೆ. ನಡುವಣ ಅಷ್ಟೂ ವರ್ಷ ಹೊಗೆಯ ತಪಾಸಣೆಯ ಹೊರತು ಬೇರಾವ ನಿಯತಕಾಲಿಕ ಪರೀಕ್ಷೆಯೂ ಇಲ್ಲ. ಆ ಒಂದು ದಿನ ನಿರೀಕ್ಷಕರು ದೀಪ, ಹಾರ್ನು, ಬ್ರೇಕು, ಸ್ಟಿಯರಿಂಗು, ಟೈರು ಇವುಗಳನ್ನು ನೋಡಿ, ಚಾಸಿಸ್ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ತೆಗೆದ ಅಚ್ಚನ್ನು ದಾಖಲೆಯೊಡನೆ ಹೋಲಿಸುತ್ತಾರೆ. ಅವರು ಎಂಜಿನ್ನನ್ನು ಬಿಚ್ಚುವುದಿಲ್ಲ. ಬಿಚ್ಚಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ. ಆದುದರಿಂದ ಪಾಸಿಂಗ್ ಎಂಬುದು ಒಂದು ದಿನದ ಸಾಕ್ಷ್ಯ. ಅದನ್ನು ಐದು ವರ್ಷದ ಅಭಯವೆಂದು ಮಾರುವುದು ಅನ್ಯಾಯವೆಂದೇ ನನ್ನ ದೃಢವಾದ ಅಭಿಪ್ರಾಯ.

ಬ್ರಿಟನ್ನಿನಲ್ಲಿ 1960ರಿಂದಲೇ ಹಳೆಯ ಕಾರುಗಳಿಗೆ ಕಡ್ಡಾಯ ಪರೀಕ್ಷೆಯುಂಟು. ಈಗ ಇಂಗ್ಲೆಂಡಿನಲ್ಲಿ ಮೂರು ವರ್ಷ ತುಂಬಿದ ಕಾರು ಪ್ರತಿವರ್ಷವೂ ಪರೀಕ್ಷೆಗೆ ನಿಲ್ಲಬೇಕು. ಯಾವ ವರ್ಷ ಎಷ್ಟು ಮೈಲಿ ಓಡಿತ್ತು, ಯಾವ ಕಾರಣಕ್ಕೆ ನಪಾಸಾಯಿತು, ಯಾವ ಭಾಗ ಸವೆಯುತ್ತ ಬಂದಿದೆಯೆಂದು ಪರೀಕ್ಷಕ ಎಚ್ಚರಿಸಿದ, ಇವೆಲ್ಲವನ್ನೂ ಗಾಡಿಯ ನಂಬರನ್ನು ಒತ್ತಿದ ಯಾರೇ ಆಗಲಿ ಕಾಸು ಕೊಡದೆ ಓದಬಹುದು. ನಮ್ಮ ಕಲಬುರಗಿ ಜಿಲ್ಲೆಯಲ್ಲಿ ಅಂಥ ಸಿದ್ಧ ಗ್ರಂಥವಿಲ್ಲ. ಇಲ್ಲಿ ಚೆಲ್ಲಾಪಿಲ್ಲಿಯಾದ ಶಾಸನದ ತುಂಡುಗಳನ್ನು ಕೂಡಿಸಿ ಓದುವ ಸಂಶೋಧಕನಂತೆ ನಾವೇ ಕಾಗದಗಳನ್ನು ಒಟ್ಟುಗೂಡಿಸಿ ಚರಿತ್ರೆಯನ್ನು ಕಟ್ಟಿಕೊಳ್ಳಬೇಕು. ಸರಕಾರದ ಪರಿವಾಹನ್ ಜಾಲತಾಣದಲ್ಲಿ ನಂಬರು ಹಾಕಿ ನೋಡುವ ಬಗೆಯನ್ನು ನಾನು ವಿವರಿಸಲಾರೆ. ಅದು ನಿಮ್ಮೆಲ್ಲರ ಕೈಯಲ್ಲಿರುವ ಫೋನಿನಲ್ಲೇ ಸಿಕ್ಕುತ್ತದೆ. ಅಲ್ಲಿ ಕಂಡುದನ್ನು ಅರ್ಥಮಾಡಿಕೊಳ್ಳುವ ಬಗೆಯೇ ನನ್ನ ವಿಷಯ.

ನನ್ನನ್ನು ಈ ವಿಷಯಕ್ಕೆ ಎಳೆದುತಂದ ಪ್ರಸಂಗವೊಂದನ್ನು ಸಾವಕಾಶವಾಗಿಯೇ ಹೇಳುತ್ತೇನೆ. ವಾಡಿಯ ಸಿಮೆಂಟು ಕಾರ್ಖಾನೆಯಲ್ಲಿ ದುಡಿಯುವ ಸ್ನೇಹಿತರೊಬ್ಬರು ಸೇಡಂನಲ್ಲಿ ಒಂದು ಡೀಸಲ್ ಕಾರನ್ನು ಗೊತ್ತುಮಾಡಿಕೊಂಡು, ಮುಂಗಡ ಕೊಡುವ ಮೊದಲು ಕಾಗದ ನೋಡೆಂದು ನನ್ನನ್ನು ಕರೆದೊಯ್ದರು. ಗಾಡಿ 2010ರ ಕೊನೆಯ ಭಾಗದಲ್ಲಿ ಹೈದರಾಬಾದಿನಲ್ಲಿ ಆಂಧ್ರದ ನಂಬರಿನಿಂದ ಹುಟ್ಟಿದ್ದು. 2021ರಲ್ಲಿ ಅಲ್ಲಿಂದ ನಿರಾಕ್ಷೇಪಣಾ ಪತ್ರ ತಂದು, ಕರ್ನಾಟಕದ ತೆರಿಗೆ ಕಟ್ಟಿ, ಕಲಬುರಗಿಯ ಕೆಎ 32 ಆಗಿತ್ತು. 15 ವರ್ಷ ತುಂಬಿದ ಮೇಲೆ 5,000 ರೂಪಾಯಿ ಶುಲ್ಕ ಕಟ್ಟಿ ನವೀಕರಣವನ್ನೂ ಮಾಡಿಸಿದ್ದರು. ಬಣ್ಣ ಹೊಸದು, ಒಳಗೆ ಸುಗಂಧ, ಎಂಜಿನ್ನಿನ ಸದ್ದೂ ಸೌಮ್ಯ. ಮಾರುವವರು ಸಜ್ಜನರು, ತಮ್ಮಲ್ಲಿದ್ದ ಕಾಗದಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮುಂದಿಟ್ಟರು. ಮೊದಲ ಮಾಲೀಕರ ಕಾಲದ ವಿಮಾಪತ್ರಗಳೂ ಆ ಚೀಲದಲ್ಲಿದ್ದವು.

ವಿಮಾಪತ್ರದಲ್ಲಿ ನೋ ಕ್ಲೇಮ್ ಬೋನಸ್ ಎಂಬ ಒಂದು ಅಂಕಣವಿರುತ್ತದೆ. ಒಂದು ವರ್ಷ ಪರಿಹಾರ ಕೇಳದಿದ್ದರೆ ಶೇಕಡಾ 20, ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50, ಹೀಗೆ ಏರುವ ರಿಯಾಯಿತಿ ಅದು. ಒಮ್ಮೆ ಪರಿಹಾರ ಪಡೆದರೆ ಸೊನ್ನೆಗೆ ಬೀಳುತ್ತದೆ. ಆ ಹೈದರಾಬಾದಿನ ಮಾಲೀಕರ 2019ರ ಡಿಸೆಂಬರಿನ ಪತ್ರದಲ್ಲಿ 50 ಎಂದಿದ್ದುದು 2020ರ ಡಿಸೆಂಬರಿನ ಪತ್ರದಲ್ಲಿ ಸೊನ್ನೆಯಾಗಿತ್ತು. ಅದೇ ಹೆಸರು, ಅದೇ ಗಾಡಿ, ಅವಧಿ ಮೀರಿ ನವೀಕರಿಸಿದ್ದೂ ಅಲ್ಲ. ಆ ಹನ್ನೆರಡು ತಿಂಗಳೊಳಗೆ ಈ ಗಾಡಿಗೆ ಏನೋ ಆಗಿ, ಅದಕ್ಕೆ ವಿಮೆಯ ಹಣ ಬಂದಿದೆಯೆಂಬುದಕ್ಕೆ ಬೇರೆ ಪ್ರಮಾಣ ಬೇಕಿರಲಿಲ್ಲ. 2020ರ ಅಕ್ಟೋಬರ್ 13 ಮತ್ತು 14ರಂದು ಹೈದರಾಬಾದು ಎಂಥ ಮಳೆಗೆ ಸಿಕ್ಕಿತೆಂಬುದನ್ನು, ಬೀದಿಗಳಲ್ಲಿ ಕಾರುಗಳು ಹೇಗೆ ತೇಲಿದವೆಂಬುದನ್ನು ನೀವೆಲ್ಲ ಬಲ್ಲಿರಿ.

ಕಾಗದ ಸಂಶಯವನ್ನು ಹುಟ್ಟಿಸಬಲ್ಲುದೇ ಹೊರತು ತೀರ್ಪು ಕೊಡಲಾರದು. ಆದುದರಿಂದ ನಾವು ಹಿಂದಿನ ಸೀಟಿನ ಬೆಲ್ಟನ್ನು, ಯಾರೂ ಎಂದೂ ಎಳೆಯದಷ್ಟು ದೂರ, ಅದರ ಸುರುಳಿ ಮುಗಿಯುವವರೆಗೆ ಎಳೆದೆವು. ಮೊದಲ ಭಾಗವೆಲ್ಲ ತೊಳೆದು ಸ್ವಚ್ಛವಾಗಿತ್ತು. ಕೊನೆಯ ಗೇಣುದ್ದದಲ್ಲಿ ಮಾತ್ರ ಕಂದುಬಣ್ಣದ ಒಂದು ಅಡ್ಡಗೆರೆ, ಅದರ ಕೆಳಗೆ ಎಳೆಗಳ ನಡುವೆ ಒಣಗಿ ಕೂತ ನಯವಾದ ಮಣ್ಣು. ಬೆರಳಿನಿಂದ ಮಡಿಸಿದರೆ ಪುಡಿ ಉದುರಿತು. ಸೀಟಿನ ಕೆಳಗಿನ ಹಳಿಯ ಬೋಲ್ಟುಗಳು ತುಕ್ಕು ಹಿಡಿದು ಕೆಂಪಾಗಿದ್ದವು. ಮಾರುವವರ ಮುಖದಲ್ಲಿ ಕಂಡ ವಿಷಾದ ಸಾಚಾ ಆಗಿತ್ತು. ಅವರೂ ಅರಿಯದೆಯೇ ಕೊಂಡಿದ್ದರು. ನೀರು ಹೊಕ್ಕ ಗಾಡಿಯಲ್ಲಿ ವೈರಿಂಗಿನ ಕೀಲುಗಳು, ಏರ್‌ಬ್ಯಾಗಿನ ಸಂಪರ್ಕಗಳು ವರ್ಷಗಟ್ಟಲೆ ಒಳಗೊಳಗೇ ಕೆಡುತ್ತ ಹೋಗುತ್ತವೆ. ಪಾಸಿಂಗಿನ ದಿನ ದೀಪ ಹೊತ್ತಿದ್ದರೆ ಅಂಥ ದೋಷ ಯಾರ ಕಣ್ಣಿಗೂ ಬೀಳದು.

ಈ ಕಥೆಯನ್ನು ಕೇಳಿದವರು ಹೊರರಾಜ್ಯದ ಗಾಡಿಯೇ ಬೇಡ, ಹುಟ್ಟಿದಂದಿನಿಂದ ಕೆಎ 32 ಆಗಿರುವುದೇ ಕ್ಷೇಮವೆಂದು ನಿಶ್ಚಯಿಸುವುದುಂಟು. ನಾನು ಒಪ್ಪಲಾರೆ. ಅದೇ ಅಕ್ಟೋಬರಿನಲ್ಲಿ ಕಾಗಿಣೆಯೂ ಉಕ್ಕಿತ್ತು. ರಾಷ್ಟ್ರಕೂಟರು ಆಳಿದ ಮಳಖೇಡವನ್ನು ಬಳಸಿ, ಶಹಾಬಾದಿನ ಬಳಿಯ ಹೊನಗುಂಟಾದಲ್ಲಿ ಭೀಮೆಯನ್ನು ಸೇರುವ ಆ ನದಿ ತನ್ನ ದಂಡೆಯ ಊರುಗಳಿಗೆ ನುಗ್ಗಿದಾಗ ಅಂಗಳದಲ್ಲಿ ನಿಂತ ಗಾಡಿಯ ನಂಬರು ಯಾವ ರಾಜ್ಯದ್ದೆಂದು ಕೇಳಿರಲಾರದು. ಬರೀ ಮೂರನೆಯವರ ವಿಮೆ ಇದ್ದ ಹಳ್ಳಿಯ ಗಾಡಿಯಾದರಂತೂ ಪರಿಹಾರದ ಪ್ರಶ್ನೆಯೇ ಇಲ್ಲ. ಆಗ ಕಾಗದದಲ್ಲಿ ಗುರುತೂ ಉಳಿಯುವುದಿಲ್ಲ.

ಬೋನಸ್ಸಿನ ವಿಷಯದಲ್ಲಿ ಒಂದು ಸ್ಪಷ್ಟೀಕರಣ ಅವಶ್ಯ. ಆ ರಿಯಾಯಿತಿ ಗಾಡಿಗೆ ಅಂಟಿದ್ದಲ್ಲ, ಮಾಲೀಕನಿಗೆ ಅಂಟಿದ್ದು. ಮಾಲೀಕ ಬದಲಾದಾಗ ಸೊನ್ನೆಯಾದರೆ ಅದು ಸಹಜ. ಹಳೆಯ ಗಾಡಿಯ ಬೋನಸ್ಸನ್ನು ಹೊಸ ಗಾಡಿಗೆ ಒಯ್ದವನ ಪತ್ರದಲ್ಲಿ ಮೊದಲ ವರ್ಷವೇ 50 ಇದ್ದರೂ ಸಹಜ. ವಿಮೆ ತೀರಿ 90 ದಿನ ಕಳೆದರೂ ಅದು ಬಿದ್ದುಹೋಗುತ್ತದೆ. ಆದುದರಿಂದ ಒಬ್ಬನೇ ಮಾಲೀಕನ ಒಂದರ ಹಿಂದೊಂದು ಬಂದ ಪತ್ರಗಳನ್ನು ಮಾತ್ರ ಹೋಲಿಸಬೇಕು. ಅಂತೆಯೇ, ನೋಂದಣಿ, ಗಾಡಿಯ ಅರ್ಹತಾಪತ್ರವಾದ ಎಫ್‌ಸಿ ಮೊದಲಾದುವುಗಳಲ್ಲಿ 2020ರ ಫೆಬ್ರವರಿಯಿಂದ 2021ರ ಅಕ್ಟೋಬರಿನವರೆಗೆ ವಿಳಂಬ ಕಂಡರೆ ಅದನ್ನು ದೋಷವೆಂದು ಎಣಿಸಕೂಡದು. ಕೊರೊನಾ ಕಾಲದಲ್ಲಿ ಕೇಂದ್ರ ಸರಕಾರವೇ ಅವುಗಳ ಅವಧಿಯನ್ನು ಮುಂದೂಡುತ್ತ ಬಂದಿತ್ತು.

ಇನ್ನು ಹೊಗೆಯ ಚೀಟಿ. ಅದನ್ನು ಪೊಲೀಸರಿಗೆ ತೋರಿಸುವ ಕಾಗದವೆಂದಷ್ಟೇ ತಿಳಿದು ಎಸೆಯುವವರೇ ಹೆಚ್ಚು. ನನಗೆ ಮಾತ್ರ ಅದರಷ್ಟು ಪ್ರಿಯವಾದ ದಾಖಲೆ ಇನ್ನೊಂದಿಲ್ಲ. ಹೊಗೆಯ ಮಾನದಂಡದಲ್ಲಿ ಬಿಎಸ್-3 ಮತ್ತು ಅದಕ್ಕೂ ಹಿಂದಿನ ಹಂತದ ಗಾಡಿಗೆ ಆರು ತಿಂಗಳಿಗೊಮ್ಮೆ, ಬಿಎಸ್-4 ಗಾಡಿಗೆ ವರ್ಷಕ್ಕೊಮ್ಮೆ ಅದನ್ನು ಪಡೆಯಬೇಕು. ಡೀಸಲ್ ಗಾಡಿಯ ಚೀಟಿಯಲ್ಲಿ ಹೊಗೆ ಎಷ್ಟು ಬೆಳಕನ್ನು ಹೀರಿತೆಂಬ ಅಂಕಿಯಿರುತ್ತದೆ. ಬಿಎಸ್-4 ಗಾಡಿಗೆ ಮಿತಿ 1.62, ಹಿಂದಿನವಕ್ಕೆ 2.45. ಈ ಭೇದ ನಮ್ಮ ಗಡಿಸೀಮೆಗೆ ಮುಖ್ಯವಾದದ್ದು. ಹೈದರಾಬಾದು, ಸೊಲ್ಲಾಪುರಗಳಲ್ಲಿ ಬಿಎಸ್-4 ನಿಯಮ 2010ರ ಏಪ್ರಿಲಿನಲ್ಲೇ ಬಂತು. ದೇಶಕ್ಕೆಲ್ಲ ಅನ್ವಯಿಸಿದ್ದು 2017ರ ಏಪ್ರಿಲಿನಲ್ಲಿ. ಆದುದರಿಂದ ಒಂದೇ ವರ್ಷ ಹುಟ್ಟಿದ ಒಂದೇ ಮಾದರಿಯ ಎರಡು ಕಾರುಗಳು ಒಂದೇ ಪ್ರಮಾಣದ ಹೊಗೆಯುಗುಳಿದರೂ, ಕಲಬುರಗಿಯಲ್ಲಿ ಹುಟ್ಟಿದ್ದು ಪಾಸಾಗಿ ಹೈದರಾಬಾದಿನಲ್ಲಿ ಹುಟ್ಟಿದ್ದು ನಪಾಸಾಗುವುದು ಸಾಧ್ಯ.

ಪಾಸಾಯಿತೆಂಬ ಮುದ್ರೆಯನ್ನು ಬಿಟ್ಟು ಅಂಕಿಗಳ ನಡಿಗೆಯನ್ನು ನೋಡಿ. 0.6, 0.7, 0.9, 1.3 ಎಂದು ವರ್ಷವರ್ಷವೂ ಏರುತ್ತಿದ್ದರೆ ಎಲ್ಲ ಚೀಟಿಗಳೂ ಪಾಸಾಗಿದ್ದಾಗ್ಯೂ ಎಂಜಿನ್ನು ಬಳಲುತ್ತಿದೆಯೆಂದೇ ಅರ್ಥ. ಏರಿದ್ದು ಥಟ್ಟನೆ ಇಳಿದಿದ್ದರೆ ಆ ತಿಂಗಳ ಆಸುಪಾಸಿನಲ್ಲಿ ಇಂಜೆಕ್ಟರಿನದೋ ಟರ್ಬೋದ್ದೋ ಕೆಲಸವಾಗಿರಬೇಕು. ಅದರ ಬಿಲ್ಲನ್ನು ಕೇಳಿ. ವರ್ಷದಿಂದ ವರ್ಷಕ್ಕೆ ದಶಮಾಂಶವೂ ಕದಲದೆ ಅದೇ ಅಂಕಿ ಬರುತ್ತಿದ್ದರೆ, ಕೊಳವೆಯನ್ನು ಹೊಗೆನಳಿಗೆಯೊಳಕ್ಕೆ ಇಟ್ಟು ಪರೀಕ್ಷಿಸಿದ್ದಾರೆಂದು ನಾನಂತೂ ನಂಬೆ.

ಬಳಲಿಕೆಗೆ ನಮ್ಮ ಸೀಮೆಯಲ್ಲಿ ಬೇರೆಯೇ ಒಂದು ಕಾರಣವುಂಟು. ವಾಡಿಯಲ್ಲಿ, ಮಳಖೇಡದಲ್ಲಿ, ಸೇಡಂನಲ್ಲಿ ಸಿಮೆಂಟಿನ ಧೂಳು. ಶಹಾಬಾದು, ಚಿತ್ತಾಪುರಗಳ ಫರ್ಸಿ ಖಣಿಗಳ ದಾರಿಯಲ್ಲಿ ಕಲ್ಲಿನ ಹಿಟ್ಟು. ಗಾಳಿಸೋಸುಕವನ್ನು ಕಾಲಕಾಲಕ್ಕೆ ಬದಲಿಸದೆ ಹೋದರೆ ಆ ಹಿಟ್ಟು ಸಿಲಿಂಡರಿನ ಗೋಡೆಯನ್ನೂ ರಿಂಗನ್ನೂ ಸವೆಸಿ, ಗಾಡಿ ಆಯಿಲ್ ಕುಡಿಯತೊಡಗುತ್ತದೆ. ಸರ್ವಿಸ್ ಬಿಲ್ಲುಗಳಲ್ಲಿ ಏರ್ ಫಿಲ್ಟರ್ ಎಂಬ ಸಾಲು ಎಷ್ಟು ಸಲ ಬಂದಿದೆಯೆಂದು ನೋಡುವುದನ್ನು ಮರೆಯಬೇಡಿ. ಪ್ರತಿ ಬಿಲ್ಲಿನಲ್ಲೂ ಕಿಲೋಮೀಟರು ಬರೆದಿರುವುದರಿಂದ ಮೀಟರನ್ನು ಹಿಂದಕ್ಕೆ ತಿರುಗಿಸಿದ್ದರೆ ಅದೂ ಅಲ್ಲೇ ಸಿಕ್ಕಿಬೀಳುತ್ತದೆ.

ಮೊದಲಿಗೆ ಹೇಳಿದ ಮಾತಿಗೆ ಮತ್ತೆ ಬರುತ್ತೇನೆ. ಹದಿನೈದು ವರ್ಷ ಪರೀಕ್ಷೆಯೇ ಇಲ್ಲವೆಂದೆನಷ್ಟೆ? ಅದು ಬಿಳಿ ಬೋರ್ಡಿನ ಮಾತು. ಬಾಡಿಗೆಯ ಹಳದಿ ಬೋರ್ಡಿನ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷವೂ ಎಫ್‌ಸಿ ಆಗಬೇಕು. ಕಾರ್ಖಾನೆಗಳಿಗೆ ಬಾಡಿಗೆಗೆ ಹಚ್ಚಿದ್ದು ಕಡೆಗೆ ಬಿಳಿ ಬೋರ್ಡಾಗಿ ಮಾರಾಟಕ್ಕೆ ನಿಂತ ಕಾರನ್ನು ಜನ ಮುಟ್ಟಲೂ ಹಿಂಜರಿಯುತ್ತಾರೆ. ಹೆಚ್ಚು ಓಡಿರುತ್ತದೆಂಬುದು ಸತ್ಯ. ಆದರೂ, ಏನೂ ದಾಖಲೆಯಿಲ್ಲದ "ಡಾಕ್ಟರ್ ಸಾಹೇಬರ ಗಾಡಿ"ಗಿಂತ, ಕಾಲಕಾಲಕ್ಕೆ ಪರೀಕ್ಷೆಗೆ ನಿಂತು, ತಪ್ಪಿಲ್ಲದ ಎಫ್‌ಸಿ ಸರಣಿಯನ್ನೂ ಬಿಲ್ಲುಗಳನ್ನೂ ಹೊಂದಿರುವ ಟ್ಯಾಕ್ಸಿಯನ್ನೇ ನಾನು ಆರಿಸಿಕೊಂಡೇನು. ಬೆಲೆ ತಕ್ಕಷ್ಟು ಇಳಿದಿರಬೇಕು, ಅಷ್ಟೆ.

ಉಳಿದುವನ್ನು ತ್ವರೆಯಾಗಿ ಹೇಳುತ್ತೇನೆ. ನೋಂದಣಿ ಪತ್ರವಾದ ಆರ್‌ಸಿಯಲ್ಲಿ ಮಾಲೀಕರ ಕ್ರಮಸಂಖ್ಯೆಯನ್ನೂ ಸಾಲದ ಕಾಲಮ್ಮನ್ನೂ ನೋಡಿ. ಸಾಲ ತೀರಿದ್ದರೆ ನಮೂನೆ 35 ಕೇಳಿ. ಬಾಕಿಯಿರುವ ಚಲನ್‌ಗಳು ಗಾಡಿ ಯಾವ ಊರಿನಲ್ಲಿ ಓಡಾಡಿತ್ತೆಂಬುದನ್ನೂ ಬಯಲು ಮಾಡುತ್ತವೆ. ಚಾಸಿಸ್ ನಂಬರನ್ನು ಟಾರ್ಚು ಹಾಕಿ ಓದಿ, ಸುತ್ತ ವೆಲ್ಡಿಂಗಿನ ಗುರುತಿದ್ದರೆ ಅಲ್ಲಿಗೇ ಬಿಟ್ಟು ಬನ್ನಿ. ನವೀಕರಣದ ಶುಲ್ಕ 2022ರ ಏಪ್ರಿಲಿಗೆ ಮೊದಲು 600 ರೂಪಾಯಿ ಇದ್ದುದು 5,000ಕ್ಕೆ ಏರಿದ ಮೇಲೆ ಹದಿನಾಲ್ಕು ತುಂಬಿದ ಗಾಡಿಗಳನ್ನು ಅಗ್ಗಕ್ಕೆ ಸಾಗಹಾಕುವ ಆತುರ ಸಹಜವೇ. 2025ರ ಆಗಸ್ಟಿನಿಂದ 20 ವರ್ಷ ಮೀರಿದ ಕಾರಿಗೆ 10,000 ಆಗಿದೆ. ಅದನ್ನು ಬೆಲೆಯಲ್ಲಿ ಮುರಿದುಕೊಂಡೇ ಮಾತಾಡಿ.

ಕಾಗದದ ಚೀಲವನ್ನು ಕೇಳಿದಾಗ "ಎಲ್ಲಾ ಮನ್ಯಾಗ ಅದಾವ್ರಿ, ಆಮ್ಯಾಲ ಕೊಡ್ತೀನಿ" ಎಂದವರಿಗೆ ಮುಂಗಡವನ್ನೂ ಆಮೇಲೆಯೇ ಕೊಡತಕ್ಕದ್ದು.