ರಾಜ್ಯಶಾಸ್ತ್ರವನ್ನು ಓದಿದವರಿಗೆ ಉದ್ಯೋಗವೆಲ್ಲಿ?

(ವಾರ್ಷಿಕೋತ್ಸವದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯಲ್ಲಿ ಸಾಹಿತ್ಯವನ್ನೋ ಯಕ್ಷಗಾನವನ್ನೋ ಕುರಿತು ಮಾತನಾಡುವುದು ವಾಡಿಕೆ. ಈ ಸಲ ಕಾರ್ಯದರ್ಶಿಗಳು ನಮಗೆ ವಹಿಸಿದ ವಿಷಯ ಬೇರೆ. ರಾಜ್ಯಶಾಸ್ತ್ರವನ್ನು ಓದಿ ಪದವಿ ಪಡೆದ ನಮ್ಮ ಕಾಸರಗೋಡಿನ ಮಕ್ಕಳಿಗೆ ಜೀವನೋಪಾಯದ ದಾರಿ ಯಾವುದೆಂಬುದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಅವರ ಅಪೇಕ್ಷೆ. ಹಬ್ಬದ ದಿನ ಹೊಟ್ಟೆಯ ಚಿಂತೆಯನ್ನು ಎತ್ತುವುದೇ ಎಂದು ಮೊದಲು ಸಂಕೋಚಪಟ್ಟೆವು. ಒಪ್ಪಿಕೊಂಡುದಕ್ಕೆ ಒಂದು ಕಾರಣವಿದೆ. ಅದನ್ನೇ ಮೊದಲು ಹೇಳುತ್ತೇವೆ.

ಬದಿಯಡ್ಕದ ಕಡೆಯ ಅಡಿಕೆ ಕೃಷಿಕರೊಬ್ಬರು ನಮಗೆ ಬಹಳ ಕಾಲದಿಂದ ಪರಿಚಿತರು. ಅವರ ಮಗಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಬಿ.ಎ. ತರಗತಿಯಲ್ಲಿ ರಾಜ್ಯಶಾಸ್ತ್ರವನ್ನು ಆರಿಸಿಕೊಂಡಳು. ಒಂದು ದಿನ ಅವರು ಬಸ್ಸಿನಲ್ಲಿ ಸಿಕ್ಕಿ, “ಮಾಸ್ಟ್ರೇ, ಇದನ್ನು ಓದಿ ಪಂಚಾಯತು ಮೆಂಬರಾಗುವುದಲ್ಲದೆ ಬೇರೇನುಂಟು?” ಎಂದು ಕೇಳಿದರು. ಬಸ್ಸಿನಲ್ಲಿದ್ದವರು ನಕ್ಕರು. ನಮಗೆ ನಗು ಬರಲಿಲ್ಲ. ತಕ್ಕ ಉತ್ತರವೂ ಬರಲಿಲ್ಲ. ಇಂದಿನ ಮಾತುಗಳು ಅವರಿಗೆ ಅಂದು ಹೇಳಬೇಕಾಗಿದ್ದ ಉತ್ತರವೆಂದು ತಾವು ಭಾವಿಸಬಹುದು.

ಮೊದಲು ಕಹಿಯಾದ ಮಾತನ್ನೇ ಆಡೋಣ. ಔಷಧಶಾಸ್ತ್ರವನ್ನು ಓದಿದವನಿಗೆ ಔಷಧದ ಅಂಗಡಿ ಇದೆ, ಲೆಕ್ಕಶಾಸ್ತ್ರವನ್ನು ಓದಿದವನಿಗೆ ಲೆಕ್ಕದ ಪುಸ್ತಕವಿದೆ. ರಾಜ್ಯಶಾಸ್ತ್ರಜ್ಞ ಬೇಕಾಗಿದ್ದಾನೆಂದು ಯಾವ ಪತ್ರಿಕೆಯಲ್ಲಿಯೂ ಜಾಹೀರಾತು ಬರುವುದಿಲ್ಲ. ಈ ಶಾಸ್ತ್ರದ ಹೆಸರನ್ನು ಹೊತ್ತ ಹುದ್ದೆಯೆಂದರೆ ಅಧ್ಯಾಪಕನ ಹುದ್ದೆ ಮಾತ್ರ. ಕೇರಳದ ಹೈಯರ್ ಸೆಕೆಂಡರಿ ಶಾಲೆಗಳಲ್ಲಿ ಈ ವಿಷಯವನ್ನು ಕಲಿಸಲು ಎಂ.ಎ. ಮತ್ತು ಬಿ.ಎಡ್. ಪದವಿಗಳಲ್ಲದೆ ‘ಸೆಟ್’ ಎಂಬ ರಾಜ್ಯಮಟ್ಟದ ಅರ್ಹತಾ ಪರೀಕ್ಷೆಯೂ ಆಗಬೇಕು. ಕಾಲೇಜಿನಲ್ಲಿ ಕಲಿಸಬೇಕಾದರೆ ಎಂ.ಎ.ಯಲ್ಲಿ ಶೇಕಡಾ 55 ಅಂಕಗಳೂ ‘ನೆಟ್’ ಪರೀಕ್ಷೆಯೂ ಬೇಕು. ನೆಟ್ ಪರೀಕ್ಷೆಯಲ್ಲಿ ರಾಜ್ಯಶಾಸ್ತ್ರದ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತವೆ ಎಂಬುದನ್ನು ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಮೊದಲ ವರ್ಷದಲ್ಲಿಯೇ ತಿಳಿದಿರತಕ್ಕದ್ದು. ಎಂ.ಎ. ಓದಲು ದೂರ ಹೋಗಬೇಕಾದ ಅಗತ್ಯವಿಲ್ಲ. ತೆಂಕಣಕ್ಕೆ 2009ರಲ್ಲಿ ಸ್ಥಾಪಿತವಾಗಿ ಪೆರಿಯದಲ್ಲಿ ನೆಲೆಸಿರುವ ಕೇಂದ್ರೀಯ ವಿಶ್ವವಿದ್ಯಾನಿಲಯವಿದೆ. ಬಡಗಣಕ್ಕೆ ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವಿದೆ. ಆದರೆ ಅಧ್ಯಾಪಕ ಹುದ್ದೆಗಳು ಕೆಲವೇ, ಓದಿದವರು ಹಲವರು.

ಹೆಸರಿನಲ್ಲಿ ಇಲ್ಲದೆ ಹೊಟ್ಟೆಯೊಳಗೆ ಈ ಶಾಸ್ತ್ರವನ್ನೇ ಇಟ್ಟುಕೊಂಡಿರುವ ಕೆಲಸಗಳನ್ನು ಹುಡುಕಬೇಕು. ಅವು ನಮ್ಮ ಊರಿನಲ್ಲಿಯೇ ಇವೆ.

1956ನೆಯ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದರ ಹಿಂದುಮುಂದಿನ ಚರಿತ್ರೆ ಈ ಸಭೆಗೆ ಬಾಯಿಪಾಠವಾಗಿದೆ; ಮಹಾಜನ ಆಯೋಗದ 1967ರ ವರದಿಯ ಮಾತನ್ನೂ ಇಲ್ಲಿ ಮತ್ತೆ ತೆಗೆಯುವುದಿಲ್ಲ. ನಾವು ಹೇಳಬೇಕೆಂದಿರುವುದು 1956ರಲ್ಲಿಯೇ ಸಂವಿಧಾನಕ್ಕೆ ಆದ ಏಳನೆಯ ತಿದ್ದುಪಡಿಯನ್ನು ಕುರಿತು. ರಾಜ್ಯಗಳ ಗಡಿಗಳನ್ನು ಎಳೆದ ಕೈಯೇ, ಗಡಿಯ ಆಚೆ ಈಚೆ ಉಳಿದವರಿಗಾಗಿ ಎರಡು ವಿಧಿಗಳನ್ನು ಸೇರಿಸಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂಬ 350ಎ ಒಂದು; ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷಾಧಿಕಾರಿಯೊಬ್ಬನಿರಬೇಕೆಂಬ 350ಬಿ ಇನ್ನೊಂದು. ಯಾವನೇ ಆಗಲಿ ತನ್ನ ದೂರನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದೆಂಬ 350ನೆಯ ವಿಧಿ ಅದಕ್ಕೂ ಮೊದಲೇ ಇತ್ತು. ಕೇರಳದ 1969ರ ಅಧಿಕೃತ ಭಾಷಾ ಕಾನೂನು, ಇಲ್ಲಿಯ ತಮಿಳರೂ ಕನ್ನಡಿಗರೂ ತಂತಮ್ಮ ಭಾಷೆಯಲ್ಲಿ ಸರ್ಕಾರದೊಡನೆ ಪತ್ರವ್ಯವಹಾರ ಮಾಡಬಹುದೆಂದು ವಿಧಿಸಿತು.

ಈ ವಿಧಿಗಳನ್ನು ಬಿ.ಎ. ವಿದ್ಯಾರ್ಥಿಯು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾನೆ. ಆದರೆ ಎಣ್ಮಕಜೆಯ ಒಬ್ಬ ಅಜ್ಜಿ ಕನ್ನಡದಲ್ಲಿ ಬರೆಸಿದ ಅರ್ಜಿ ಯಾರ ಮೇಜಿಗೆ ಬರುತ್ತದೆ ಎಂಬ ಪ್ರಶ್ನೆ ಅವನ ಪಠ್ಯದಲ್ಲಿಲ್ಲ. ಮೇಜಿನ ಹಿಂದೆ ಕುಳಿತವನಿಗೆ ಕನ್ನಡ ಬಾರದಿದ್ದರೆ ಅವನು ಅರ್ಜಿಯನ್ನು ಹರಿದು ಹಾಕುವುದೇನೂ ಇಲ್ಲ, ಬಹುಶಃ ಸಜ್ಜನನೇ. ಮಲಯಾಳದಲ್ಲಿ ಬರೆಸಿಕೊಂಡು ಬನ್ನಿ ಎನ್ನುತ್ತಾನೆ. ಅಜ್ಜಿ ಅಕ್ಷಯ ಕೇಂದ್ರಕ್ಕೆ ಹೋಗಿ ಹಣ ಕೊಟ್ಟು ತನಗೆ ಓದಲಾರದ ಕಾಗದಕ್ಕೆ ಹೆಬ್ಬೆಟ್ಟೊತ್ತಿ ಬರುತ್ತಾಳೆ. ಹಕ್ಕು ದೆಹಲಿಯಲ್ಲಿಯೂ ತಿರುವನಂತಪುರದಲ್ಲಿಯೂ ಭದ್ರವಾಗಿದೆ. ಬದಿಯಡ್ಕದ ವಿಲ್ಲೇಜ್ ಆಫೀಸಿಗೋ ಮಂಜೇಶ್ವರದ ತಾಲೂಕು ಕಚೇರಿಗೋ ಅದು ಬಂದು ಮುಟ್ಟಬೇಕಾದರೆ ಕನ್ನಡ ಬಲ್ಲವರೊಬ್ಬರು ಅಲ್ಲಿಯ ಕುರ್ಚಿಯಲ್ಲಿ ಕುಳಿತಿರಬೇಕು.

ಆ ಕುರ್ಚಿಗೆ ದಾರಿ ಕೇರಳ ಲೋಕಸೇವಾ ಆಯೋಗ. ಕನ್ನಡ ಮತ್ತು ಮಲಯಾಳ ಎರಡನ್ನೂ ಬಲ್ಲ ಗುಮಾಸ್ತರ ಹುದ್ದೆಗಳನ್ನು ಆಯೋಗವು ನಮ್ಮ ಜಿಲ್ಲೆಗಾಗಿ ಬೇರೆಯಾಗಿಯೇ ಪ್ರಕಟಿಸುವುದುಂಟು. ಕನ್ನಡ ಮಾಧ್ಯಮದ ಪ್ರೌಢಶಾಲೆಗಳಿಗೆ ಸಮಾಜವಿಜ್ಞಾನದ ಅಧ್ಯಾಪಕರನ್ನೂ ಹಾಗೆಯೇ ಬೇರೆಯಾಗಿ ಕರೆಯುತ್ತಾರೆ. ಪದವಿಯ ಮೇಲೆ ಎರಡು ವರ್ಷದ ಬಿ.ಎಡ್. ಮುಗಿಸಿ ‘ಕೆ-ಟೆಟ್’ ಪರೀಕ್ಷೆಯ ಮೂರನೆಯ ವರ್ಗದಲ್ಲಿ ತೇರ್ಗಡೆಯಾದವರಿಗೆ ಇದು ಹತ್ತಿರದ ದಾರಿ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ನಿಯುಕ್ತರಾದರೆಂದು ನಮ್ಮ ಮಕ್ಕಳೂ ಪೋಷಕರೂ ಶಾಲೆಯ ಬಾಗಿಲಲ್ಲಿ ಕುಳಿತುದನ್ನು ತಾವೆಲ್ಲರೂ ಕಂಡಿದ್ದೀರಿ. ಆ ಪ್ರತಿಭಟನೆ ನ್ಯಾಯವಾದುದೇ. ಹಾಗಿದ್ದರೂ ನಮ್ಮನ್ನು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಕನ್ನಡ ಬಲ್ಲವರಿಗಾಗಿ ಹುದ್ದೆ ಪ್ರಕಟವಾದಾಗ ನಮ್ಮಲ್ಲಿ ಎಷ್ಟು ಮಂದಿ ಅರ್ಜಿ ಹಾಕಿದೆವು?

ಈ ಮಾತನ್ನು ನೋವಿನಿಂದಲೇ ಆಡುತ್ತಿದ್ದೇವೆ. ಪ್ರಕಟಣೆ ಗಜೆಟ್ಟಿನಲ್ಲಿ ಬರುತ್ತದೆ. ಅರ್ಜಿಗೆ ಸಾಮಾನ್ಯವಾಗಿ ಒಂದು ತಿಂಗಳ ಅವಧಿ. ಪರೀಕ್ಷೆಯ ಬಳಿಕ ಸಿದ್ಧವಾಗುವ ರ್‍ಯಾಂಕ್ ಪಟ್ಟಿಯು ಕನಿಷ್ಠ ಒಂದು ವರ್ಷ, ಹೆಚ್ಚೆಂದರೆ ಮೂರು ವರ್ಷ ಜೀವಂತವಾಗಿರುತ್ತದೆ. ಅದು ಸತ್ತ ಮೇಲೆ ಹೊಸ ಪ್ರಕಟಣೆಗಾಗಿ ಕಾಯಬೇಕು. ಕಾಯುವಷ್ಟರಲ್ಲಿ ವಯಸ್ಸಿನ ಮಿತಿ ದಾಟಿಬಿಡಬಹುದು. ಕುಂಬಳೆಯ ಕಡೆಯ ಒಬ್ಬ ತರುಣನು ರಾಜ್ಯಶಾಸ್ತ್ರದಲ್ಲಿ ಒಳ್ಳೆಯ ಅಂಕಗಳನ್ನು ಪಡೆದಿದ್ದವನು, ಇಂಥದೊಂದು ಪ್ರಕಟಣೆಯ ಸುದ್ದಿಯನ್ನು ಕೊನೆಯ ದಿನಾಂಕ ಕಳೆದು ನಾಲ್ಕು ದಿನಕ್ಕೆ, ಒಂದು ಮದುವೆಯ ಮನೆಯಲ್ಲಿ ಕೇಳಿದನು. ಈಗ ಅವನು ಮಂಗಳೂರಿನಲ್ಲಿ ಬಟ್ಟೆಯಂಗಡಿಯೊಂದರ ಲೆಕ್ಕ ಬರೆಯುತ್ತಿದ್ದಾನೆ. ಅದು ಹೀನವಾದ ಕೆಲಸವೆಂದು ನಾವು ಹೇಳುವುದಿಲ್ಲ. ಅವನಿಗಾಗಿ ತೆರೆದಿದ್ದ ಕುರ್ಚಿ ಇಲ್ಲಿತ್ತು ಎಂಬುದಷ್ಟೇ ನಮ್ಮ ವ್ಯಥೆ.

ಇನ್ನೊಂದು ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಎಂಡೋಸಲ್ಫಾನಿನ ದುರಂತ ಈ ಜಿಲ್ಲೆಯ ಮನೆಮನೆಗೂ ಗೊತ್ತು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಸಿಂಪಡಿಸಿದ ಆ ವಿಷ 2000ದಲ್ಲಿ ನಿಂತಿತು. 2010ರ ಕೊನೆಯಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಪರಿಹಾರ ಕೊಡಬೇಕೆಂದು ಶಿಫಾರಸು ಮಾಡಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ವಿಷದ ತಯಾರಿಕೆಯನ್ನೂ ಮಾರಾಟವನ್ನೂ ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಗಳನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ರಾಜ್ಯ ಸರ್ಕಾರಕ್ಕೆ ಆಜ್ಞಾಪಿಸಿತು. ಮೂರು ತಿಂಗಳಲ್ಲ, ಐದು ವರ್ಷ ಕಳೆದು 2022ರ ಮೇ ತಿಂಗಳಲ್ಲಿ ನ್ಯಾಯಾಲಯ ಲೆಕ್ಕ ಕೇಳಿದಾಗ, 3,704 ಮಂದಿಯಲ್ಲಿ ಹಣ ಮುಟ್ಟಿದ್ದುದು ಎಂಟು ಮಂದಿಗೆ. ಆ ಎಂಟು ಮಂದಿ ಯಾರೆಂದರೆ, ಆಜ್ಞೆ ಪಾಲನೆಯಾಗಲಿಲ್ಲವೆಂದು ಮತ್ತೆ ನ್ಯಾಯಾಲಯದ ಮೆಟ್ಟಿಲು ಹತ್ತಿದವರು. ಉಳಿದವರಿಗೂ ಹಾಸಿಗೆ ಹಿಡಿದ ಮಕ್ಕಳಿದ್ದರು, ಅದೇ ತೀರ್ಪು ಇತ್ತು. ಕಾಗದ ಹಿಡಿದು ಹೋಗುವವರಿರಲಿಲ್ಲ.

ಮಾನವ ಹಕ್ಕುಗಳ ಆಯೋಗದ ಅಧಿಕಾರವೆಷ್ಟು, ಶಿಫಾರಸಿಗೂ ಆಜ್ಞೆಗೂ ಭೇದವೇನು, ಆಜ್ಞೆಯನ್ನು ಪಾಲಿಸದಿದ್ದರೆ ಮುಂದಿನ ಬಾಗಿಲು ಯಾವುದು, ಯಾವ ಕಡತ ಯಾವ ಕಚೇರಿಯಲ್ಲಿದೆ ಎಂದು ಮಾಹಿತಿ ಹಕ್ಕಿನ 2005ರ ಕಾನೂನಿನ ಕೆಳಗೆ ಕೇಳುವುದು ಹೇಗೆ: ಇವೆಲ್ಲವೂ ರಾಜ್ಯಶಾಸ್ತ್ರದ ಪಾಠಗಳೇ. ಇವನ್ನು ಬಲ್ಲವರಿಗೆ ವಕೀಲಿ ವೃತ್ತಿ ಸಹಜವಾದ ಮುಂದಿನ ಹೆಜ್ಜೆ. ಪದವಿಯ ಬಳಿಕ ಮೂರು ವರ್ಷದ ಕಾನೂನು ವ್ಯಾಸಂಗ ಮಾಡಬಹುದು. ಕಕ್ಷಿಗಾರನ ಕನ್ನಡವನ್ನೂ ತುಳುವನ್ನೂ ಕಚೇರಿಯ ಮಲಯಾಳವನ್ನೂ ತೀರ್ಪಿನ ಇಂಗ್ಲಿಷನ್ನೂ ಬಲ್ಲ ವಕೀಲನಿಗೆ ಕಾಸರಗೋಡಿನಲ್ಲಿ ಕೆಲಸವಿಲ್ಲವೆಂಬುದನ್ನು ನಾವು ನಂಬುವುದಿಲ್ಲ. ಮೊದಲ ಕೆಲವು ವರ್ಷ ಸಂಪಾದನೆ ಕಡಿಮೆ, ಮನೆಯವರು ತಾಳಿಕೊಳ್ಳಬೇಕಾಗುತ್ತದೆ.

ದೊಡ್ಡ ಪರೀಕ್ಷೆಗಳ ಮಾತಿಗೆ ಬರೋಣ. ಐ.ಎ.ಎಸ್. ಎಂದೊಡನೆ ತಂದೆತಾಯಿಗಳ ಕಣ್ಣು ಅರಳುತ್ತದೆ. ಅರ್ಜಿದಾರರು ಹತ್ತು ಲಕ್ಷದ ಆಸುಪಾಸು, ಆಯ್ಕೆಯಾಗುವವರು ಸುಮಾರು ಒಂದು ಸಾವಿರ. ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೊರಡಬೇಕು. ಆದರೂ ರಾಜ್ಯಶಾಸ್ತ್ರದ ವಿದ್ಯಾರ್ಥಿಗೆ ಇಲ್ಲಿ ಒಂದು ಅನುಕೂಲವಿದೆ. ಮುಖ್ಯ ಪರೀಕ್ಷೆಯಲ್ಲಿ ರಾಜ್ಯಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ 500 ಅಂಕಗಳಿಗೆ ಬರೆಯಬಹುದು. ಸಾಮಾನ್ಯ ಅಧ್ಯಯನದ ಎರಡನೆಯ ಪತ್ರಿಕೆಯು ಬಹುಮಟ್ಟಿಗೆ ಸಂವಿಧಾನ, ಆಡಳಿತ ಮತ್ತು ವಿದೇಶಾಂಗ ಸಂಬಂಧಗಳನ್ನೇ ಕುರಿತದ್ದು. ಕಡ್ಡಾಯವಾದ ಭಾರತೀಯ ಭಾಷಾ ಪತ್ರಿಕೆಗೆ ಕನ್ನಡವನ್ನು ಆರಿಸಬಹುದು. ಉತ್ತರಗಳನ್ನು ಕನ್ನಡದಲ್ಲಿಯೇ ಬರೆಯಬಹುದು, ಸಂದರ್ಶನವನ್ನೂ ಕನ್ನಡದಲ್ಲಿ ಎದುರಿಸಬಹುದು; ಅಭ್ಯಾಸದ ಗ್ರಂಥಗಳು ಮಾತ್ರ ಹೆಚ್ಚಾಗಿ ಇಂಗ್ಲಿಷಿನಲ್ಲಿವೆ. ಕೇರಳವು 2018ರಲ್ಲಿ ತನ್ನದೇ ಆಡಳಿತ ಸೇವೆಯನ್ನು ರಚಿಸಿ 2020ರಲ್ಲಿ ಮೊದಲ ಪರೀಕ್ಷೆ ನಡೆಸಿತು. ಇದಕ್ಕೂ ಪದವಿಯೇ ಅರ್ಹತೆ. ಈ ಎರಡು ಪರೀಕ್ಷೆಗಳಿಗೆ ಸಿದ್ಧನಾಗುವವನು ಗುಮಾಸ್ತನ ಪರೀಕ್ಷೆಯನ್ನೂ ಬರೆದಿಡುವುದು ಜಾಣತನ. ಚಿಕ್ಕದೆಂದು ಮೂಗು ಮುರಿಯತಕ್ಕದ್ದಲ್ಲ.

ಪತ್ರಿಕೋದ್ಯಮವೂ ಇದೆ, ಚುನಾವಣೆಯ ಲೆಕ್ಕ, ಬಜೆಟ್ಟಿನ ಲೆಕ್ಕ ಎರಡನ್ನೂ ಓದಬಲ್ಲ ವರದಿಗಾರ ಕನ್ನಡ ಪತ್ರಿಕೆಗಳಿಗೆ ಇಂದಿಗೂ ಸುಲಭವಾಗಿ ಸಿಗುವುದಿಲ್ಲ. ದೆಹಲಿಯ ಪಿ.ಆರ್.ಎಸ್. ಎಂಬ ಶಾಸನ ಸಂಶೋಧನಾ ಸಂಸ್ಥೆಯು ತರುಣ ಪದವೀಧರರನ್ನು ಆರಿಸಿ ಒಬ್ಬೊಬ್ಬರನ್ನು ಒಬ್ಬೊಬ್ಬ ಸಂಸತ್ ಸದಸ್ಯರ ಬಳಿ ಸಹಾಯಕರಾಗಿ ಕೆಲಸಕ್ಕೆ ನಿಲ್ಲಿಸುವ ಏರ್ಪಾಡೊಂದನ್ನು ನಡೆಸಿಕೊಂಡು ಬಂದಿತ್ತು. ವೇತನವೂ ಇತ್ತು, ಪಾರ್ಲಿಮೆಂಟನ್ನು ಒಳಗಿನಿಂದ ನೋಡುವ ಭಾಗ್ಯವೂ ಇತ್ತು. ಗಡಿನಾಡಿನಿಂದ ಯಾರಾದರೂ ಅಂಥದಕ್ಕೆ ಪ್ರಯತ್ನಿಸಿದರೆ ನಮಗೆ ಬಹಳ ಸಂತೋಷವಾಗುತ್ತದೆ.

ಇನ್ನು ಹಿರಿಯರಲ್ಲಿ ಕೆಲವರಿಗೆ ಅಪ್ರಿಯವಾಗಬಹುದಾದ ಒಂದು ಮಾತು. ಮಕ್ಕಳು ಮಲಯಾಳವನ್ನು ಚೆನ್ನಾಗಿ ಕಲಿಯಬೇಕು. ಓದಿ ಬರೆದು ಟಿಪ್ಪಣಿ ಸಿದ್ಧಪಡಿಸುವಷ್ಟು ಕಲಿಯಬೇಕು. ಹಾಗೆ ಕಲಿತರೆ ಕನ್ನಡಕ್ಕೆ ದ್ರೋಹವಾಯಿತೆಂಬ ಭಾವನೆ ನಮ್ಮಲ್ಲಿ ಒಂದು ಕಾಲಕ್ಕೆ ಬಲವಾಗಿತ್ತು. ಅದರ ಹಿಂದಿದ್ದ ನೋವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕಡತಗಳು ಮಲಯಾಳದಲ್ಲಿವೆ. ಅಜ್ಜಿಯ ಕನ್ನಡ ಅರ್ಜಿಯನ್ನು ಓದಿ, ಅದರ ಸಾರವನ್ನು ಮೇಲಧಿಕಾರಿಗೆ ಮಲಯಾಳದಲ್ಲಿ ಬರೆದು, ಉತ್ತರವನ್ನು ಮತ್ತೆ ಕನ್ನಡದಲ್ಲಿ ಕಳುಹಿಸುವವನೇ ನಮಗೆ ಬೇಕಾದ ಗುಮಾಸ್ತ. ಎರಡರಲ್ಲಿ ಒಂದನ್ನು ಮಾತ್ರ ಬಲ್ಲವನಿಂದ ಈ ಕೆಲಸವಾಗದು.

ಸಂಘದವರಲ್ಲಿ ನಮ್ಮ ಬಿನ್ನಹ ಇಷ್ಟೇ. ವಾಚನಾಲಯದ ಗೋಡೆಯ ಮೇಲೆ ಒಂದು ಹಲಗೆಯನ್ನು ತೂಗುಹಾಕಿ, ಲೋಕಸೇವಾ ಆಯೋಗದ ಪ್ರಕಟಣೆಗಳಲ್ಲಿ ಕನ್ನಡ ಬಲ್ಲವರಿಗೆ ಸಂಬಂಧಿಸಿದುವನ್ನು, ಕೊನೆಯ ದಿನಾಂಕವನ್ನು ದಪ್ಪಕ್ಷರದಲ್ಲಿ ಬರೆದು, ಕನ್ನಡದಲ್ಲಿ ಅಂಟಿಸುವ ವ್ಯವಸ್ಥೆಯಾಗಲಿ. ಮೊಬೈಲಿನ ಗುಂಪುಗಳಲ್ಲಿ ಶುಭೋದಯದ ಚಿತ್ರಗಳ ನಡುವೆ ಇದನ್ನೂ ಕಳುಹಿಸಲಿ. ವಾರಕ್ಕೊಂದು ಸಂಜೆ ನಿವೃತ್ತ ಅಧ್ಯಾಪಕರೊಬ್ಬರು ಮಲಯಾಳ ಬರವಣಿಗೆಯನ್ನು ಕಲಿಸಲಿ. ಇದಕ್ಕೆ ಹೆಚ್ಚು ಹಣ ಬೇಡ.

ಬದಿಯಡ್ಕದ ಆ ಹುಡುಗಿಯ ವಿಚಾರವನ್ನು ತಾವು ಕೇಳುವಿರೆಂದು ಬಲ್ಲೆವು. ಅವಳು ಬಿ.ಎಡ್. ಮುಗಿಸಿ ಕೆ-ಟೆಟ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದಾಳೆ. ಹುದ್ದೆ ಇನ್ನೂ ಪ್ರಕಟವಾಗಿಲ್ಲ. ಅಲ್ಲಿಯವರೆಗೆ ಶಾಲೆಯೊಂದರಲ್ಲಿ ದಿನಗೂಲಿಯ ಮೇಲೆ ಪಾಠ ಹೇಳುತ್ತ, ಸಂಜೆ ನೆರೆಯವರ ಅರ್ಜಿಗಳನ್ನು ಎರಡು ಭಾಷೆಗಳಲ್ಲಿ ಬರೆದುಕೊಡುತ್ತಿದ್ದಾಳೆ. ಅವಳ ತಂದೆಯವರು ಇಂದು ಈ ಸಭೆಯಲ್ಲಿಯೇ ಇದ್ದಾರೆ. ಹಲಗೆಗೆ ಬೇಕಾದ ಮರವನ್ನು ತಾವು ಕೊಡುವುದಾಗಿ ಭಾಷಣಕ್ಕೆ ಮುನ್ನವೇ ಒಪ್ಪಿದ್ದಾರೆ.