ಎರಡು ಗ್ರಾಫಿಕ್ಸ್ ಕಾರ್ಡು, ಒಂದು ಲ್ಯಾಪ್‌ಟಾಪು



ಮಕ್ಕಳಿಗೆ ಪಾಠದ ಚಿತ್ರಗಳನ್ನು ತೋರಿಸಲೆಂದು ನೀವು ರಾಯಚೂರಿನಿಂದ ಲಿನಕ್ಸ್ ಲ್ಯಾಪ್‌ಟಾಪು ಹೊತ್ತು ದೇವದುರ್ಗದ ಶಾಲೆಯೊಂದಕ್ಕೆ ಹೋಗಿದ್ದೀರಿ ಎನ್ನೋಣ. ಎಚ್‌ಡಿಎಂಐ ತಂತಿಯನ್ನು ಪ್ರೊಜೆಕ್ಟರಿಗೆ ಜೋಡಿಸಿದಿರಿ. ಲ್ಯಾಪ್‌ಟಾಪಿನ ಪರದೆ ಬೆಳಗುತ್ತಿದೆ. ಗೋಡೆಯ ಮೇಲೆ ಮಾತ್ರ ಏನೂ ಇಲ್ಲ. ಮಕ್ಕಳು ಕಾದು ಕುಳಿತಿದ್ದಾರೆ. ಯಂತ್ರ ಕೆಟ್ಟಿತೆಂದು ರಿಪೇರಿಗೆ ಹಣ ತೆರುವ, ಇಲ್ಲವೆ ಇದ್ದುದೆಲ್ಲವನ್ನೂ ಅಳಿಸಿ ಲಿನಕ್ಸನ್ನು ಹೊಸದಾಗಿ ಹಾಕುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಪೋರ್ಟಿಗೆ ಚಿತ್ರ ಬರುವುದು ಯಾವ ಕಾರ್ಡಿನಿಂದ?

ಅನೇಕ ಲ್ಯಾಪ್‌ಟಾಪುಗಳಲ್ಲಿ ಎರಡು ಗ್ರಾಫಿಕ್ಸ್ ಕಾರ್ಡುಗಳಿರುತ್ತವೆ. ಪ್ರೊಸೆಸರಿನೊಳಗೇ ಸೇರಿದ, ಸ್ವಲ್ಪ ವಿದ್ಯುತ್ತಿನಲ್ಲೇ ನಡೆಯುವ ಇಂಟೆಲ್ ಅಥವಾ ಎಎಂಡಿ ಒಂದು. ಭಾರದ ಕೆಲಸಕ್ಕೆಂದು ಇಟ್ಟ ಎನ್‌ವಿಡಿಯಾ ಇನ್ನೊಂದು. ಲ್ಯಾಪ್‌ಟಾಪಿನ ಸ್ವಂತ ಪರದೆ ಸಾಮಾನ್ಯವಾಗಿ ಮೊದಲನೆಯದಕ್ಕೆ ಸೇರಿದ್ದು. ಎನ್‌ವಿಡಿಯಾ ಚಿತ್ರ ರಚಿಸಿದರೂ ಅದನ್ನು ಮೊದಲನೆಯ ಕಾರ್ಡಿನ ಕೈಗೆ ಕೊಟ್ಟೇ ಪರದೆಗೆ ತಲುಪಿಸುತ್ತದೆ. 2010ರಲ್ಲಿ ಆಪ್ಟಿಮಸ್ ಎಂಬ ಹೆಸರಿನಲ್ಲಿ ಬಂದ ಏರ್ಪಾಡು ಇದು. ಲಿನಕ್ಸಿಗಾಗಿ ಎನ್‌ವಿಡಿಯಾ ಒದಗಿಸುವ ಡ್ರೈವರಿನಲ್ಲಿ, ಬೇಕಾದ ಕೆಲಸಕ್ಕೆ ಮಾತ್ರ ಆ ಕಾರ್ಡನ್ನು ಕರೆಯುವ ಸೌಕರ್ಯ ಸೇರಿದ್ದು 2019ರಲ್ಲಿ. ಆದರೆ ಹಲವು ಮಾದರಿಗಳಲ್ಲಿ ಎಚ್‌ಡಿಎಂಐ ಪೋರ್ಟ್ ನೇರವಾಗಿ ಎನ್‌ವಿಡಿಯಾಕ್ಕೇ ಸೇರಿರುತ್ತದೆ.

ನಮ್ಮ ಜಿಲ್ಲೆಯವರಿಗೆ ಇದು ತಿಳಿಯದ ಮಾತಲ್ಲ. ಮಾನ್ವಿಯ ಕಡೆಯ ಗದ್ದೆಗೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು. ದೇವದುರ್ಗದ ಕಡೆಯ ಹೊಲಕ್ಕೆ ಕೃಷ್ಣೆಯ ನೀರು, ನಾರಾಯಣಪುರ ಬಲದಂಡೆ ಕಾಲುವೆಯದು. ಮಾನ್ವಿಯ ಗದ್ದೆ ಒಣಗಿದಾಗ ನಾರಾಯಣಪುರದಲ್ಲಿ ಬಾಗಿಲು ತೆರೆದರೆ ಫಲವೇನು?

ಬ್ಯಾಟರಿ ಉಳಿಯಲಿ, ಬೇಸಿಗೆಯಲ್ಲಿ ಯಂತ್ರ ಕಾಯದಿರಲಿ ಎಂದು ಉಬುಂಟುವಿನಲ್ಲಿ ‘ಪ್ರೈಮ್-ಸೆಲೆಕ್ಟ್ ಇಂಟೆಲ್’ ಎಂಬ ಆಜ್ಞೆ ಕೊಟ್ಟು ಎನ್‌ವಿಡಿಯಾವನ್ನು ಮಲಗಿಸಿದ್ದೀರಾ? ಹಾಗಾದರೆ ಅದಕ್ಕೆ ಸೇರಿದ ಪೋರ್ಟೂ ಮಲಗಿತು. ‘ಇಂಟೆಲ್’ ಎಂಬಲ್ಲಿ ‘ಆನ್-ಡಿಮಾಂಡ್’ ಎಂದು ಕೊಟ್ಟು ಯಂತ್ರವನ್ನು ಮತ್ತೆ ಚಾಲೂ ಮಾಡಿ. ಸೆಕ್ಯೂರ್ ಬೂಟ್ ಇರುವ ಯಂತ್ರದಲ್ಲಿ, ಡ್ರೈವರ್ ಹಾಕಿದ ಮೇಲೆ ಮೊದಲ ಸಲ ಚಾಲೂ ಮಾಡುವಾಗ ನೀಲಿ ಪರದೆಯೊಂದು ಅನುಮತಿ ಕೇಳುತ್ತದೆ. ಅದನ್ನು ಹಾಗೇ ದಾಟಿ ಹೋದರೂ ಡ್ರೈವರ್ ಕೆಲಸ ಮಾಡದು.

ಶಾಲೆಗೆ ಹೊರಡುವ ಹಿಂದಿನ ದಿನವೇ ಮನೆಯ ಟಿ.ವಿ.ಗೆ ತಂತಿ ಜೋಡಿಸಿ ನೋಡಿಕೊಳ್ಳಿ. ‘ಸಿಸ್’ ಫೋಲ್ಡರಿನೊಳಗಿನ ‘ಕ್ಲಾಸ್’, ಅದರೊಳಗಿನ ‘ಡಿಆರ್‌ಎಂ’ ತೆರೆದರೆ ‘ಕಾರ್ಡ್1-ಎಚ್‌ಡಿಎಂಐ’ ಎಂಬಂಥ ಹೆಸರುಗಳು ಕಾಣುತ್ತವೆ. ಯಾವುದರ ‘ಸ್ಟೇಟಸ್’ ಫೈಲಿನಲ್ಲಿ ‘ಕನೆಕ್ಟೆಡ್’ ಎಂದಿದೆಯೋ ಅದು ನಿಮ್ಮ ಪೋರ್ಟು. ಹೆಸರಿನ ಮೊದಲಲ್ಲಿರುವ ಸಂಖ್ಯೆ ಅದರ ಕಾರ್ಡಿನದು. ‘ಇಡಿಪಿ’ ಎಂದರೆ ಲ್ಯಾಪ್‌ಟಾಪಿನ ಸ್ವಂತ ಪರದೆ. ಅದೊಂದರ ಹೊರತು ಬೇರಾವುದರಲ್ಲೂ ‘ಕನೆಕ್ಟೆಡ್’ ಎಂದಿಲ್ಲದಿದ್ದರೆ, ಇನ್ನೊಂದು ಕಾರ್ಡಿನ ಡ್ರೈವರ್ ಎದ್ದಿದೆಯೇ ಎಂದು ಮೊದಲು ನೋಡಿ. ರಿಪೇರಿಯ ಮಾತು ಆಮೇಲೆ.