ಕುರಾಮಾದಲ್ಲಿ ನನ್ನ ದಸರಾ

ನಾನು ಎಕ್ಸ್‌ಚೇಂಜ್ ಸ್ಟೂಡೆಂಟ್ ಆಗಿ ಜಪಾನಿನ ಕ್ಯೋಟೋದಲ್ಲಿದ್ದ ವರ್ಷ ಅಕ್ಟೋಬರ್ 22 ಭಾನುವಾರ ಬಂದಿತ್ತು. ನಮ್ಮ ಮೈಸೂರಲ್ಲಿ ಆಗ ದಸರಾ. ಶುಕ್ರವಾರ ರಾತ್ರಿ ಅಮ್ಮ ವಿಡಿಯೋ ಕಾಲ್ ಮಾಡಿ ಗೊಂಬೆ ತೋರಿಸಿದ್ರು. ನಾನು ಕಪ್ ನೂಡಲ್ಸ್ ತಿನ್ತಾ ‘ಚೆನ್ನಾಗಿದೆ ಅಮ್ಮ’ ಅಂದೆ. ಈ ಎರಡು ದಿನ ರೂಮಲ್ಲಿ ಕೂತ್ರೆ ಅತ್ತೇಬಿಡ್ತೀನಿ ಅನ್ನಿಸ್ತು.

ಶನಿವಾರ ದೆಮಾಚಿಯಾನಗಿ ಸ್ಟೇಷನ್ನಿಂದ ರೈಲು ಹತ್ತಿದೆ. ಅರ್ಧ ಗಂಟೆಗೆ ಕುರಾಮಾ. ಅಲ್ಲಿಂದ ಬೆಟ್ಟ ಹತ್ತಿ, ದೇವಾಲಯ ದಾಟಿ, ಆ ಕಡೆಯ ಕಿಬುನೆ ಹಳ್ಳಿಗೆ ಇಳಿಯೋದು. ಮೇಲೆ ಒಂದು ಜಾಗದಲ್ಲಿ ನೆಲ ಎಷ್ಟು ಗಟ್ಟಿ ಅಂದ್ರೆ ಮರದ ಬೇರುಗಳು ಒಳಗಿಳಿಯದೆ ಹಾವಿನ ಹಾಗೆ ಮೇಲೆಯೇ ಹರಡಿಕೊಂಡಿವೆ. 12ನೇ ಶತಮಾನದ ವೀರ ಯೋಶಿತ್ಸುನೆ ಹುಡುಗನಾಗಿದ್ದಾಗ ಇಲ್ಲೇ ಕತ್ತಿವರಸೆ ಕಲಿತನಂತೆ. ನಾನು ಕಲಿತಿದ್ದು ಜಾರಿ ಬೀಳೋದು ಮಾತ್ರ!

ಹಿಂದೆ ಬರ್ತಿದ್ದ ಅಜ್ಜಿಯೊಬ್ಬರು ಕೈಕೊಟ್ಟು ಎಬ್ಬಿಸಿದ್ರು. ಅವರ ಬ್ಯಾಗಲ್ಲಿ ಕರಡಿ ಓಡಿಸೋ ಗಂಟೆ ಕಿಣಿಕಿಣಿ ಅನ್ನುತ್ತಿತ್ತು. ನನ್ನ ಹರಕುಮುರುಕು ಜಪಾನಿ ಭಾಷೆಯಲ್ಲೇ ಮಾತಾಯ್ತು. ‘ನಾಳೆ ರಾತ್ರಿ ಬೆಂಕಿ ಹಬ್ಬಕ್ಕೆ ಬಾ. ಹಗ್ಗ ಎಳಿ. ನನ್ನ ಮಂಡಿ ಈಗ ಆಗಲ್ಲ ಅನ್ನುತ್ತೆ’ ಅಂದ್ರು. ಯಾವ ಹಗ್ಗ ಅಂತ ಕೇಳೋಕೆ ನನಗೆ ಶಬ್ದ ಸಿಗಲಿಲ್ಲ.

ಭಾನುವಾರ ಮಧ್ಯಾಹ್ನ ಊರೊಳಗೆ ಜಿದಾಯ್ ಮತ್ಸುರಿ ನೋಡಿದೆ. 1895ರಲ್ಲಿ ಶುರುವಾದ ಮೆರವಣಿಗೆ. ಸುಮಾರು 2,000 ಜನ ಹಳೇ ಕಾಲದ ಉಡುಪಲ್ಲಿ ನಡೀತಾರೆ. ಸೊಗಸಾಗಿತ್ತು, ಆದ್ರೆ ನನ್ನ ತಲೆ ಆಗಲೇ ಕುರಾಮಾದಲ್ಲಿತ್ತು.

ಸಂಜೆ ಅಲ್ಲಿಗೆ ಹೋದ್ರೆ ಕಾಲಿಡೋಕೆ ಜಾಗ ಇಲ್ಲ. ಪೊಲೀಸ್ರು ಎಲ್ಲೂ ನಿಲ್ಲೋಕೆ ಬಿಡಲ್ಲ. ಮೊದಲು ಪುಟ್ಟ ಮಕ್ಕಳು ಚಿಕ್ಕ ಪಂಜು ಹಿಡಿದು ಬಂದ್ರು, ಆಮೇಲೆ ದೊಡ್ಡವರು. ದೊಡ್ಡ ಪಂಜುಗಳು 80 ಕೆಜಿ ದಾಟುತ್ವೆ. ‘ಸೈರೇಯ, ಸೈರ್ಯೋ’ ಅಂತ ಕೂಗು, ಮುಖಕ್ಕೆ ಬಿಸಿ, ಕಣ್ಣಿಗೆ ಹೊಗೆ. ಬನ್ನಿಮಂಟಪದ ಪಂಜಿನ ಕವಾಯತು ನೆನಪಾಯ್ತು. ಅದನ್ನ ನಾನು ಯಾವತ್ತೂ ಪಾಸ್ ಹಿಡ್ಕೊಂಡು ಗ್ಯಾಲರಿಯಿಂದಲೇ ನೋಡಿದ್ದು.

ರಾತ್ರಿ ದೇವರ ಪಲ್ಲಕ್ಕಿ ಕಡಿದಾದ ಮೆಟ್ಟಿಲು ಇಳಿಯುತ್ತೆ. ಅದು ಮುನ್ನುಗ್ಗದ ಹಾಗೆ ಹಿಂದಿನಿಂದ ಹಗ್ಗ ಕಟ್ಟಿ ಹೆಂಗಸರು ಹಿಡಿದಿರ್ತಾರೆ. ಹಾಗೆ ಎಳೆದವರಿಗೆ ಹೆರಿಗೆ ಸಲೀಸು ಅನ್ನೋ ನಂಬಿಕೆ. (ಅಮ್ಮನಿಗೆ ಈ ಭಾಗ ಹೇಳಿಲ್ಲ, ಕೂಡಲೇ ಮದುವೆ ಮಾತು ಎತ್ತುತ್ತಾರೆ.) ಅಜ್ಜಿ ಹೇಳಿದ ಹಗ್ಗ ಇದೇ! ನಿಂತು ನೋಡ್ತಿದ್ದಾಗ ಯಾರೋ ಅಕ್ಕ ನನ್ನ ತೋಳು ಹಿಡಿದು ಒಳಗೆ ಎಳ್ಕೊಂಡ್ರು.

ಹಗ್ಗ ಒರಟು, ನನ್ನ ಕೈಗೆ ಗ್ಲೌಸ್ ಇಲ್ಲ. ಪಲ್ಲಕ್ಕಿ ಒಂದು ಮೆಟ್ಟಿಲು ಜಾರಿದಾಗ ಅದರ ಭಾರ ಭುಜದವರೆಗೆ ಬಂತು. ನಾನು ಬಿಟ್ರೆ ಕೆಳಗಿರೋರ ಮೇಲೆ ಬೀಳುತ್ತೆ ಅಂತ ನಿಜವಾಗಿಯೂ ಹೆದರಿದೆ. ಹಿಮ್ಮಡಿ ಊರಿ ಹಿಂದಕ್ಕೆ ವಾಲಿದೆ, ಪಕ್ಕದವರೂ ವಾಲಿದ್ರು. ಅದು ಮೆಲ್ಲಗೆ ಇಳೀತು.

ಎರಡೇ ಬೋಗಿಯ ರೈಲಿಗೆ ಉದ್ದ ಕ್ಯೂ. ಅಲ್ಲೇ ಅಮ್ಮನಿಗೆ ಫೋನ್ ಮಾಡಿದೆ. ‘ಹಬ್ಬಕ್ಕೆ ಏನು ಮಾಡಿದೆ?’ ಅಂದ್ರು. ಕೆಂಪಾಗಿದ್ದ ಅಂಗೈನ ಕ್ಯಾಮೆರಾಗೆ ತೋರಿಸಿದೆ.